ನಿಶಾಪುರದ ಅಕ್ಷರ ಬೋಗುಣಿ: ಮಣ್ಣು ಕಲಸುವುದರಿಂದ ಮೆರುಗು ಸುಡುವವರೆಗೆ

ಬಿಳಿ ಮೈ. ಅಂಚಿನ ಸುತ್ತ ಕಪ್ಪು ಅರಬ್ಬಿ ಅಕ್ಷರಗಳ ಒಂದೇ ಸಾಲು. ನಡುವೆ ಒಂದು ಚುಕ್ಕೆ ಇದ್ದರೆ ಉಂಟು, ಇಲ್ಲದಿದ್ದರೆ ಅದೂ ಇಲ್ಲ. 10ನೇ ಶತಮಾನದಲ್ಲಿ, ಸಾಮಾನಿ ಅರಸರ ಆಳ್ವಿಕೆಯಲ್ಲಿ, ಈಶಾನ್ಯ ಇರಾನಿನ ನಿಶಾಪುರದಲ್ಲೂ ಸಮರ್ಕಂದದ ಹಳೆಯ ನೆಲೆಯಾದ ಅಫ್ರಾಸಿಯಾಬಿನಲ್ಲೂ ಇಂಥ ಬೋಗುಣಿ, ತಟ್ಟೆಗಳನ್ನು ಮಾಡಿದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1935ರಿಂದ ನಿಶಾಪುರದಲ್ಲಿ ಉತ್ಖನನ ನಡೆಸಿದ ಮೇಲೆ ಈ ಪಾತ್ರೆಗಳ ಪರಿಚಯ ಹೊರಗಿನವರಿಗೆ ಚೆನ್ನಾಗಿ ಆಯಿತು. ಆ ಮ್ಯೂಸಿಯಂನಲ್ಲಿರುವ ಒಂದು ಬೋಗುಣಿ ಸುಮಾರು 45 ಸೆಂ.ಮೀ. ಅಗಲವಿದೆ. ಅದರ ಮೇಲಿನ ಮಾತು: ‘ಕೆಲಸಕ್ಕೆ ಮೊದಲು ಮಾಡಿದ ಆಲೋಚನೆ ಪಶ್ಚಾತ್ತಾಪದಿಂದ ಕಾಯುತ್ತದೆ’. ಕೊನೆಗೆ ಶುಭ, ಕ್ಷೇಮದ ಹಾರೈಕೆ. ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ತಟ್ಟೆಯೊಂದು, ವಿದ್ಯೆಯ ರುಚಿ ಮೊದಲಿಗೆ ಕಹಿ, ಕೊನೆಗೆ ಜೇನಿಗಿಂತ ಸಿಹಿ ಎನ್ನುತ್ತದೆ.

ಅಂಥ ಒಂದು ಬೋಗುಣಿಯನ್ನು ಇಂದಿನ ಸಾಮಗ್ರಿಯಿಂದ, ಸೀಸವಿಲ್ಲದೆ, ವಿದ್ಯುತ್ ಆವಿಗೆಯಲ್ಲಿ (ಮಡಕೆ ಸುಡುವ ಭಟ್ಟಿಯಲ್ಲಿ) ಮಾಡುವ ಕ್ರಮ ಇಲ್ಲಿದೆ. ಸುಟ್ಟ ಮೇಲೆ 27 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ ಬರುವ ಹಾಗೆ ಅಳತೆ ಕೊಟ್ಟಿದೆ. ತಿಗರಿಯ ಮೇಲೆ ಎರಡು ಕಿಲೋ ಮಣ್ಣನ್ನು ನಡುವಿಗೆ ತರಬಲ್ಲವರಿಗೆ ಇದು ಸಾಧ್ಯ. ತಿಗರಿ ಬಾರದವರು ಅಚ್ಚಿನ ಮೇಲೆ ಹಾಳೆಮಣ್ಣು ಒತ್ತಿಯೂ ಮಾಡಬಹುದು.

ಅಕ್ಷರ ಹರಡದೆ ನಿಲ್ಲುವುದು ಹೇಗೆ

ಕೆಲಸಕ್ಕೆ ಇಳಿಯುವ ಮೊದಲು ಇದೊಂದು ತಿಳಿದಿರಬೇಕು. ಮುಂದಿನ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಈ ಪಾತ್ರೆಯಲ್ಲಿ ನಾಲ್ಕು ಪದರಗಳಿವೆ: ಒಳಗೆ ಕೆಂಪು ಇಲ್ಲವೇ ನಸುಗೆಂಪು ಮಣ್ಣಿನ ಒಡಲು, ಅದರ ಮೇಲೆ ಬಿಳಿ ಮಣ್ಣಿನ ತೆಳುಲೇಪ (ಕುಂಬಾರಿಕೆ ಸ್ಟುಡಿಯೊಗಳಲ್ಲಿ ಇದನ್ನು ಸ್ಲಿಪ್ ಎನ್ನುತ್ತಾರೆ), ಅದರ ಮೇಲೆ ಕಪ್ಪು ಅಕ್ಷರ, ಎಲ್ಲದರ ಮೇಲೆ ಪಾರದರ್ಶಕ ಮೆರುಗು (ಗಾಜಿನಂಥ ಹೊದಿಕೆ, ಗ್ಲೇಜ್). ಆ ಕಾಲದ ಮೆರುಗು ಸೀಸದ್ದು. ಸೀಸದ ಮೆರುಗು ಕರಗಿದಾಗ ತುಂಬ ತೆಳುವಾಗಿ ಹರಿಯುತ್ತದೆ, ತನ್ನ ಕೆಳಗಿನ ಲೋಹದ ಬಣ್ಣವನ್ನು ಕರಗಿಸಿಕೊಂಡು ಜೊತೆಗೆ ಎಳೆದೊಯ್ಯುತ್ತದೆ. ಬರೀ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಬರೆದಿದ್ದರೆ ಅಕ್ಷರದ ಅಂಚು ಮಸುಕಾಗುತ್ತಿತ್ತು. ಅದಕ್ಕೇ ಅವರು ಬಣ್ಣವನ್ನು ಮಣ್ಣಿಗೆ ಸೇರಿಸಿದರು. ಮಣ್ಣು ಆ ಶಾಖದಲ್ಲಿ ಕರಗುವುದಿಲ್ಲ, ಇಟ್ಟ ಕಡೆಯೇ ಕೂರುತ್ತದೆ, ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅಂದರೆ ಇವು ಶಾಯಿಯಿಂದ ಬರೆದ ಅಕ್ಷರಗಳಲ್ಲ, ಮಣ್ಣಿನಿಂದ ಬರೆದವು. ಹಳೆಯ ಚೂರುಗಳಲ್ಲಿ ಅಕ್ಷರ ಎಷ್ಟೋ ಕಡೆ ಕೂದಲೆಳೆಯಷ್ಟು ಉಬ್ಬಿಕೊಂಡಿರುವುದು ಇದರಿಂದಲೇ.

ಆಗಿನ ಕಪ್ಪಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣ ಇರುತ್ತಿದ್ದವು, ಕೆಲವದರಲ್ಲಿ ಕ್ರೋಮೈಟ್ ಕೂಡ. ನಿಶಾಪುರದ ಒಂದು ಗುಂಪಿನ ಪಾತ್ರೆಗಳಲ್ಲಿ ಕಪ್ಪಿನ ಸುತ್ತ ಮೆರುಗು ಹಳದಿಗೆ ತಿರುಗಿದೆ. ಕೆಂಪಿಗೆ ಕಬ್ಬಿಣ ಹೆಚ್ಚಿರುವ ಮಣ್ಣನ್ನೇ ಬಳಸುತ್ತಿದ್ದರು, ನಮ್ಮ ಹಳ್ಳಿಮನೆಗಳ ಗೋಡೆಗೆ ಬಳಿಯುವ ಜಾಜಿನ ಜಾತಿಯದು.

ಸೀಸ ಬೇಡ

ಹಳೆಯ ವಿಧಾನವನ್ನು ಇದೊಂದರಲ್ಲಿ ಮಾತ್ರ ಅನುಸರಿಸಬೇಡಿ. ಸೀಸದ ಪುಡಿ ಉಸಿರಿನಲ್ಲಿ ಹೋಗುತ್ತದೆ, ಸುಡುವಾಗ ಆವಿಯಾಗಿ ಏಳುತ್ತದೆ, ಸುಟ್ಟ ಮೇಲೂ ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿಯಂಥ ಹುಳಿ ಪದಾರ್ಥ ತಾಗಿದರೆ ಆಹಾರಕ್ಕೆ ಬಿಡುತ್ತದೆ. ಸೀಸವಿಲ್ಲದ ಬೋರಾನ್ ಫ್ರಿಟ್ (ಮೊದಲೇ ಕರಗಿಸಿ ಪುಡಿಮಾಡಿದ ಗಾಜು) ಅದೇ ಶಾಖದಲ್ಲಿ ಕರಗುತ್ತದೆ, ಹೊಳಪೂ ಸಾಕಷ್ಟು ಬರುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಪುಡಿಯೂ ವಿಷವೇ. ಅದರ ಬದಲು ಸಿರಾಮಿಕ್ ಸಾಮಗ್ರಿ ಮಾರುವವರಲ್ಲಿ ಸಿಗುವ ಸಿದ್ಧ ಕಪ್ಪು ಸ್ಟೇನ್ (ಸಿರಾಮಿಕ್ ಬಣ್ಣದ ಪುಡಿ) ತನ್ನಿ. ಯಾವ ಪುಡಿಯನ್ನೇ ತೂಗುವಾಗಲೂ ಎನ್95 ಮಾಸ್ಕ್ ಹಾಕಿ. ಬೆಣಚುಕಲ್ಲಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೆಲಕ್ಕೆ ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಬೇಕಾಗುವ ಸಾಮಗ್ರಿ

ಒಡಲಿಗೆ: ಕೆಂಪು ಜೇಡಿಮಣ್ಣು 2.5 ಕಿಲೋ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಮಣ್ಣು ಒಳ್ಳೆಯದು. ಕೆರೆಮಣ್ಣನ್ನೂ ಬಳಸಬಹುದು, ಆದರೆ ನೀರಲ್ಲಿ ಕದಡಿ 60 ಮೆಶ್ (ಅಂಗುಲಕ್ಕೆ 60 ಕಣ್ಣಿನ) ಜರಡಿಯಲ್ಲಿ ಸೋಸಲೇಬೇಕು. ಸುಣ್ಣಕಲ್ಲಿನ ಸಣ್ಣ ಹರಳು ಉಳಿದರೆ ಅದು ಆವಿಗೆಯಲ್ಲಿ ಸುಟ್ಟಸುಣ್ಣವಾಗಿ, ಆಮೇಲೆ ಗಾಳಿಯ ತೇವ ಕುಡಿದು ಅರಳಿ, ಮೇಲಿನ ಬಿಳಿ ಚೂರನ್ನು ಎಬ್ಬಿಸಿಬಿಡುತ್ತದೆ. ಆವಿಗೆಯಿಂದ ತೆಗೆದ ದಿನ ಚೆನ್ನಾಗಿದ್ದ ಪಾತ್ರೆ ವಾರ ಕಳೆದ ಮೇಲೆ ಸಿಡಿಯುವುದು ಇದೇ ಕಾರಣಕ್ಕೆ.

ಬಿಳಿ ಲೇಪಕ್ಕೆ (ಒಣ ತೂಕ 1 ಕಿಲೋ):
- ಬಾಲ್ ಕ್ಲೇ (ನುಣ್ಣನೆಯ, ಜಿಗುಟು ಜೇಡಿಮಣ್ಣು) 400 ಗ್ರಾಂ
- ಚೀನಿಮಣ್ಣು 250 ಗ್ರಾಂ
- ಬೆಣಚುಕಲ್ಲಿನ ಪುಡಿ 200 ಗ್ರಾಂ
- ಸೀಸವಿಲ್ಲದ ಬೋರಾನ್ ಫ್ರಿಟ್ 150 ಗ್ರಾಂ
- ನೀರು ಸುಮಾರು 1 ಲೀಟರ್

ಕಪ್ಪು ಲೇಪಕ್ಕೆ: ಒಡಲಿಗೆ ಬಳಸಿದ ಕೆಂಪುಮಣ್ಣನ್ನೇ ಒಣಗಿಸಿ ಪುಡಿಮಾಡಿ 70 ಗ್ರಾಂ, ಕಪ್ಪು ಸ್ಟೇನ್ 20 ಗ್ರಾಂ, ಫ್ರಿಟ್ 10 ಗ್ರಾಂ.

ಮೆರುಗಿಗೆ: ಅದೇ ಫ್ರಿಟ್ 850 ಗ್ರಾಂ, ಚೀನಿಮಣ್ಣು 150 ಗ್ರಾಂ. ಹಳೆಯ ಪಾತ್ರೆಗಳ ದಂತವರ್ಣ ಬೇಕಿದ್ದರೆ ಕೆಂಪು ಐರನ್ ಆಕ್ಸೈಡ್ 5ರಿಂದ 8 ಗ್ರಾಂ ಸೇರಿಸಿ. ಅಚ್ಚಬಿಳಿಗಿಂತ ಆ ನಸುಹಳದಿಯೇ ಕಪ್ಪಿಗೆ ಒಪ್ಪುತ್ತದೆ. ಸಿದ್ಧ ಮೆರುಗು ಕೊಳ್ಳುವವರು ಸತು ಇಲ್ಲದ್ದನ್ನು ಕೇಳಿ ತನ್ನಿ. ಸತು ಇದ್ದರೆ ಕ್ರೋಮ್ ಇರುವ ಕಪ್ಪು ಕಂದಿಗೆ ತಿರುಗುತ್ತದೆ.

ಇಷ್ಟನ್ನೂ ಮೊದಲು ಅಂಗೈಯಗಲದ ನಾಲ್ಕೈದು ಬಿಲ್ಲೆಗಳ ಮೇಲೆ ಪರೀಕ್ಷಿಸಿ. ನಿಮ್ಮೂರ ಮಣ್ಣು, ನಿಮ್ಮ ಫ್ರಿಟ್ ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಬಿಲ್ಲೆಯನ್ನು ಸುಟ್ಟಾಗಲೇ ಗೊತ್ತಾಗುವುದು. ಒಂದು ಬಿಲ್ಲೆಯ ಮೇಲೆ ಹಸಿಯಿದ್ದಾಗ ಸರಿಯಾಗಿ 10 ಸೆಂ.ಮೀ. ಗೆರೆ ಕೊರೆಯಿರಿ. ಸುಟ್ಟ ಮೇಲೆ ಅದು 9 ಸೆಂ.ಮೀ. ಆಗಿದ್ದರೆ ಕುಗ್ಗುವಿಕೆ ನೂರಕ್ಕೆ 10. ಕೆಳಗಿನ ಅಳತೆಗಳೆಲ್ಲ ಆ ಲೆಕ್ಕದವು.

ಬೋಗುಣಿ ಎತ್ತುವುದು

ಹಸಿಯಲ್ಲಿ 30 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ, ಗೋಡೆ 7 ಮಿ.ಮೀ. ದಪ್ಪ. ಒಳಮೈ ತಳದಿಂದ ಅಂಚಿನವರೆಗೆ ಒಂದೇ ಓಟದಲ್ಲಿ, ಇಳಿಜಾರಾಗಿ ಸಾಗಬೇಕು. ನಡುವೆ ಮಡಿಕೆ ಬಿದ್ದರೆ ಲಂಬ ಅಕ್ಷರ ಅಲ್ಲಿ ಮುರಿದಂತೆ ಕಾಣುತ್ತದೆ. ಬೆರಳಿನ ಗೆರೆಗಳನ್ನು ರಬ್ಬರ್ ತುಂಡಿನಿಂದ ಪೂರ್ತಿ ಅಳಿಸಿ. ಮಾರನೆಯ ದಿನ ಮಗುಚಿ ಹಾಕಿ, 10 ಸೆಂ.ಮೀ. ಅಗಲದ ಗಿಡ್ಡ ಪಾದ ಕೆತ್ತಿ.

ಬಿಳಿ ಲೇಪ

ಪುಡಿಗಳನ್ನು ನೀರಿಗೆ ಹಾಕಿ (ನೀರನ್ನು ಪುಡಿಗೆ ಸುರಿದರೆ ಗಂಟಾಗುತ್ತದೆ), ಒಂದು ರಾತ್ರಿ ನೆನೆಯಲು ಬಿಟ್ಟು, 100 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿ. ನೀರುದೋಸೆ ಹಿಟ್ಟಿಗಿಂತ ಒಂದು ಹದ ಗಟ್ಟಿ ಇರಬೇಕು. ಕಣ್ಣಳತೆ ನೆಚ್ಚಬೇಡಿ: 100 ಮಿ.ಲೀ. ತೂಗಿದರೆ 142ರಿಂದ 145 ಗ್ರಾಂ ಬರಬೇಕು.

ಬಳಿಯುವ ಸಮಯ ಮುಖ್ಯ. ಬೋಗುಣಿ ಚರ್ಮದ ಹದದಲ್ಲಿರಬೇಕು, ಅಂದರೆ ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಬಾಗಬಾರದು. ಅದಕ್ಕಿಂತ ಒಣಗಿದ್ದರೆ ಒಡಲು ಕುಗ್ಗಿ ಮುಗಿದಿರುತ್ತದೆ, ಲೇಪ ಆಮೇಲೆ ಕುಗ್ಗುತ್ತದೆ, ಹಾಗಾಗಿ ಚಕ್ಕೆಯೆದ್ದು ಉದುರುತ್ತದೆ. ಅರ್ಧ ಬೋಗುಣಿಯಷ್ಟು ಲೇಪ ಒಳಗೆ ಸುರಿದು, ಎರಡು ಕೈಯಲ್ಲಿ ತಿರುಗಿಸುತ್ತ ಅಂಚಿನವರೆಗೆ ಹರಿಸಿ, ತಕ್ಷಣ ಹೊರಕ್ಕೆ ಸುರಿಯಿರಿ. ಒಟ್ಟು ಆರೇಳು ಸೆಕೆಂಡಿಗಿಂತ ಹೆಚ್ಚು ಬೇಡ. ಸುಮಾರು 1 ಮಿ.ಮೀ. ಪದರ ಉಳಿಯುತ್ತದೆ. ತೆಳುವಾದರೆ ಕೆಳಗಿನ ಕೆಂಪು ಇಣುಕಿ, ಬಿಳಿ ಬಣ್ಣವು ಗುಲಾಬಿಗೆ ತಿರುಗುತ್ತದೆ. ಒಂದೂವರೆ ಮಿ.ಮೀ. ದಾಟಿದರೆ ಒಣಗುವಾಗ ಬಿರಿಯುತ್ತದೆ.

ಹೊರಮೈಗೆ ಅದೇ ದಿನ ಹಾಕಬೇಡಿ. ಎರಡೂ ಬದಿಯಿಂದ ನೀರು ಕುಡಿದ ಗೋಡೆ ಮೆತ್ತಗಾಗಿ ಅಗಲಕ್ಕೆ ಕುಸಿಯುತ್ತದೆ. ಒಳಗಿನ ಲೇಪ ಗಟ್ಟಿಯಾದ ಮೇಲೆ ಹೊರಗೆ ಸುರಿದು, ಪಾದವನ್ನು ಹಾಗೇ ಬಿಡಿ.

ಮಾತು ಆರಿಸುವುದು, ಸಾಲು ಹಂಚುವುದು

ಹೆಚ್ಚಿನವರು ಎಡವುವುದು ಇಲ್ಲಿ, ಅದೂ ಕುಂಚ ಹಿಡಿಯುವ ಮೊದಲೇ.

ಈ ಪಾತ್ರೆಗಳ ಮೇಲೆ ನಾಣ್ಣುಡಿ ಮತ್ತು ಹಾರೈಕೆಗಳಿವೆ. ಊಟದ ಪಾತ್ರೆಯ ಮೇಲೆ ಕುರಾನಿನ ವಾಕ್ಯ ಬರೆಯಬೇಡಿ, ಅದು ಎಂಜಲಿನ ಪಕ್ಕ ಇಡುವಂಥದ್ದಲ್ಲ. ಮೊದಲ ಬೋಗುಣಿಗೆ ‘ಬರಕ’ (ಸಮೃದ್ಧಿ, ಆಶೀರ್ವಾದ) ಅಥವಾ ‘ಅಲ್-ಯುಮ್ನ್’ (ಶುಭ) ಸಾಕು. ಒಂದೇ ಪದವನ್ನು ನಾಲ್ಕು ಸಲ ಬರೆಯಿರಿ. ಹಾರೈಕೆಯ ಪದವನ್ನು ಹೀಗೆ ಮತ್ತೆ ಮತ್ತೆ ಬರೆಯುವುದು ಆ ಕಾಲದ ಪಾತ್ರೆಗಳಲ್ಲೂ ಸಾಮಾನ್ಯ. ಅರಬ್ಬಿ ಓದಲು ಬಾರದವರು ಬಲ್ಲವರಿಗೆ ತೋರಿಸದೆ ಬರೆಯಕೂಡದು. ಒಂದು ಹಲ್ಲು ಹೆಚ್ಚಾದರೆ ಬೇರೆ ಪದ ಆಗಬಹುದು, ಪದವೇ ಅಲ್ಲದೆಯೂ ಹೋಗಬಹುದು.

ಲಿಪಿ ಕೂಫಿ. ಕೋನಗಳುಳ್ಳದ್ದು, ನೇರ ಅಡಿಗೆರೆಯ ಮೇಲೆ ನಿಲ್ಲುವಂಥದ್ದು. ಅಲಿಫ್ ಮತ್ತು ಲಾಮ್ ಉದ್ದನೆಯ ಕಂಬಗಳು, ಬಾ ಮತ್ತು ಯಾ ಪುಟ್ಟ ಹಲ್ಲುಗಳು, ಮೀಮ್ ಸಣ್ಣ ಉಂಡೆ, ಕೊನೆಯ ನೂನ್‌ನ ಬಾಲವನ್ನು ಮೇಲಕ್ಕೆತ್ತಿ ಎಲೆಯಾಗಿ ಅರಳಿಸಬಹುದು. ಬಾ, ನೂನ್, ಯಾಗಳನ್ನು ಬೇರೆಮಾಡುವ ಚುಕ್ಕೆಗಳನ್ನು ಆ ಕುಂಬಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು, ನೀವೂ ಬಿಡಿ. ‘ಬರಕ’ದಲ್ಲಿ ಬಾ ಮತ್ತು ರಾ ಕೂಡಿಕೊಳ್ಳುತ್ತವೆ. ರಾ ಮುಂದಿನ ಅಕ್ಷರಕ್ಕೆ ಕೂಡುವುದಿಲ್ಲ, ಆದ್ದರಿಂದ ಅಲ್ಲೊಂದು ಬಿಡುವು. ಅನಂತರ ಕಾಫ್ ಮತ್ತು ಕೊನೆಯ ತಾ ಸೇರಿ ಇನ್ನೊಂದು ತುಂಡು. ಆ ಬಿಡುವನ್ನು ಮುಚ್ಚಬೇಡಿ.

ಅನೇಕ ಪಾತ್ರೆಗಳಲ್ಲಿ ಅಡಿಗೆರೆ ಅಂಚಿನ ಕಡೆಗೂ ಅಕ್ಷರದ ತಲೆ ನಡುವಿನ ಕಡೆಗೂ ಇದೆ. ಹೀಗೆ ಬರೆದಾಗ ಬಲದಿಂದ ಎಡಕ್ಕೆ ಸಾಗುವ ಸಾಲು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಅಂದರೆ ಬರೆಯುತ್ತ ಹೋದಂತೆ ತಿರುಗುಮಣೆಯನ್ನು ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸರಿಸಬೇಕು.

ಲೆಕ್ಕ ಹೀಗೆ. ಅಂಚಿನಿಂದ 1 ಸೆಂ.ಮೀ. ಒಳಗೆ ಅಡಿಗೆರೆ ಹಾಕಿದರೆ ಅದರ ವೃತ್ತದ ಅಗಲ 28 ಸೆಂ.ಮೀ., ಸುತ್ತಳತೆ ಸುಮಾರು 88 ಸೆಂ.ಮೀ. ‘ಅಲ್-ಯುಮ್ನ್’ ನಾಲ್ಕು ಸಲ ಎಂದರೆ ಪ್ರತಿ ಪದಕ್ಕೆ 22 ಸೆಂ.ಮೀ. ಅದರಲ್ಲಿ ಪದಕ್ಕೆ 17, ಬಿಡುವಿಗೆ 5. ಮೇಲೆ ಹೇಳಿದ ಆಲೋಚನೆ-ಪಶ್ಚಾತ್ತಾಪದ ನಾಣ್ಣುಡಿಗೆ, ಹಾರೈಕೆ ಬಿಟ್ಟು, ಅರಬ್ಬಿಯಲ್ಲಿ 27 ಅಕ್ಷರ. ಸರಾಸರಿ ತಲಾ ಸುಮಾರು 3.3 ಸೆಂ.ಮೀ. ಸಿಗುತ್ತದೆ. ಆದರೆ ಸಮನಾಗಿ ಹಂಚಬೇಡಿ. ಅಲಿಫ್‌ಗೆ 1 ಸೆಂ.ಮೀ. ಸಾಕು. ಉಳಿದ ಜಾಗವನ್ನು ಅಕ್ಷರಗಳನ್ನು ಕೂಡಿಸುವ ಅಡ್ಡಗೆರೆಗೆ ಕೊಡಿ. ಕೂಫಿಯ ಗಾಂಭೀರ್ಯ ಆ ಎಳೆದ ಅಡ್ಡಗೆರೆಯಲ್ಲಿದೆ, ಸಾಲು ಹೆಚ್ಚುಕಡಿಮೆಯಾದರೆ ಸರಿದೂಗಿಸುವ ಜಾಗವೂ ಅದೇ.

ಇನ್ನೊಂದು: ಕಂಬಗಳು ನಡುವಿನ ಕಡೆ ಸಾಗಿದಂತೆ ಹತ್ತಿರ ಹತ್ತಿರ ಬರುತ್ತವೆ. ತಟ್ಟೆಯಂಥ ಚಪ್ಪಟೆ ಪಾತ್ರೆಯಲ್ಲಿ 7 ಸೆಂ.ಮೀ. ಎತ್ತರದ ಕಂಬದ ತುದಿಗೆ ಬರುವಾಗ ವೃತ್ತ 14 ಸೆಂ.ಮೀ. ಆಗಿರುತ್ತದೆ, ಅಡಿಯಲ್ಲಿ ಇದ್ದ ಅಂತರ ತುದಿಯಲ್ಲಿ ಅರ್ಧ. ಆದ್ದರಿಂದ ಅಲಿಫ್ ಮತ್ತು ಲಾಮ್ ನಡುವೆ ಅಡಿಯಲ್ಲಿ ಕನಿಷ್ಠ 2 ಸೆಂ.ಮೀ. ಬಿಡಿ. ಕಂಬಗಳ ದಿಕ್ಕು ಪಾತ್ರೆಯ ನಡುಬಿಂದುವಿಗೆ ನೇರವಾಗಿರಲಿ.

ಇದನ್ನೆಲ್ಲ ಮೊದಲು ಕಾಗದದ ವೃತ್ತದ ಮೇಲೆ ಪೂರ್ತಿ ಬರೆದು ನೋಡಿ. ಬೋಗುಣಿಯ ಒಳಗೆ ಕೂರಲು ಕಾಗದವನ್ನು ಎಂಟು ಕಡೆ ಸೀಳಿ. ಗೆರೆಗುಂಟ ಸೂಜಿಯಿಂದ ತೂತು ಮಾಡಿ, ಇದ್ದಿಲ ಪುಡಿ ಕಟ್ಟಿದ ಬಟ್ಟೆಗಂಟನ್ನು ಮೆಲ್ಲಗೆ ತಟ್ಟಿದರೆ ಬಿಳಿಯ ಮೇಲೆ ಚುಕ್ಕೆಸಾಲು ಮೂಡುತ್ತದೆ. ಇದ್ದಿಲು ಆವಿಗೆಯಲ್ಲಿ ಸುಟ್ಟುಹೋಗುತ್ತದೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಬರೆಯಬಹುದು, ಆದರೆ ಇದೇ ಹಂಚಿಕೆ ನಡೆಯುವುದಿಲ್ಲ. ಕನ್ನಡ ಅಕ್ಷರ ದುಂಡಗಿನದು, ಎಳೆಯಲು ಅಡ್ಡಗೆರೆ ಇಲ್ಲ, ಎತ್ತಲು ಕಂಬ ಇಲ್ಲ, ಒತ್ತಕ್ಷರ ಅಡಿಗೆರೆಯ ಕೆಳಗೆ ಇಳಿಯುತ್ತದೆ. ಅಂಚಿನಿಂದ 3 ಸೆಂ.ಮೀ.ಯಾದರೂ ಬಿಟ್ಟು ಬೇರೆಯೇ ಲೆಕ್ಕ ಹಾಕಬೇಕು. ಮೊದಲು ಒಂದೆರಡು ಕೂಫಿ ಬೋಗುಣಿ ಮುಗಿಸಿ ಕೈ ಹಾಕುವುದು ಒಳ್ಳೆಯದು.

ಬರೆಯುವುದು

ಬಿಳಿ ಲೇಪದ ಮೇಲಿನ ನೀರಿನ ಹೊಳಪು ಪೂರ್ತಿ ಆರಿ, ಮುಟ್ಟಿದರೆ ಅಂಟದಂತಾದಾಗ ಬರೆಯಿರಿ. ಎಲುಬಿನಂತೆ ಒಣಗಿದ ಮೇಲೆ ಬರೆದರೆ ಬಿಳಿ ನೀರನ್ನು ಒಮ್ಮೆಲೇ ಹೀರಿ ಕುಂಚ ತಡೆಯುತ್ತದೆ, ಕಪ್ಪು ಆಮೇಲೆ ಸಿಪ್ಪೆಯಾಗಿ ಏಳುತ್ತದೆ.

ಕಪ್ಪನ್ನು 120 ಮೆಶ್‌ನಲ್ಲಿ ಸೋಸಿ, ಬಿಳಿ ಲೇಪಕ್ಕಿಂತ ತುಸು ಗಟ್ಟಿ ಇಟ್ಟುಕೊಳ್ಳಿ. ಆಗಾಗ ಕಲಕುತ್ತಿರಿ, ಸ್ಟೇನ್ ತಳಕ್ಕಿಳಿಯುತ್ತದೆ.

1. ಬೋಗುಣಿಯನ್ನು ತಿರುಗುಮಣೆಯ ನಟ್ಟನಡುವೆ ಕೂರಿಸಿ. ಉದ್ದಕೂದಲಿನ ತೆಳು ಕುಂಚದಿಂದ ಅಡಿಗೆರೆಯನ್ನು ತೀರ ನಸುವಾಗಿ ಗುರುತಿಸಿ.
2. ಮೊದಲು ಕಂಬಗಳನ್ನು ಮಾತ್ರ ಎಳೆಯಿರಿ, ತುದಿಯಿಂದ ಅಡಿಗೆರೆಗೆ, ಒಂದೇ ಎಳೆತದಲ್ಲಿ. ಹಂಚಿಕೆ ತಪ್ಪಿದ್ದರೆ ಈಗಲೇ ಕಾಣುತ್ತದೆ, ಈಗಲೇ ಕೆರೆದು ತೆಗೆಯಬಹುದು.
3. 8 ಮಿ.ಮೀ. ಚಪ್ಪಟೆ ಕುಂಚದಿಂದ ಅಡ್ಡಗೆರೆಗಳನ್ನು ಕೂಡಿಸಿ. ಆಮೇಲೆ ಹಲ್ಲು, ಉಂಡೆ, ಬಾಲ.
4. ಎರಡನೆಯ ಕೈ ಬಳಿಯಿರಿ. ಒಂದೇ ಕೈಯ ಕಪ್ಪು ಮೆರುಗಿನ ಕೆಳಗೆ ಕಂದಾಗಿ, ಕುಂಚದ ಗೆರೆಗಳೊಂದಿಗೆ ಕಾಣುತ್ತದೆ.
5. ಕಪ್ಪು ಅರೆ ಒಣಗಿದಾಗ ಮೊನಚು ಚಾಕುವಿನಿಂದ ಪ್ರತಿ ಅಂಚನ್ನೂ ಕೆರೆದು ನೇರ ಮಾಡಿ. ಕಂಬದ ತಲೆಯನ್ನು ಓರೆಯಾಗಿ ಕತ್ತರಿಸಿ.

ಐದನೆಯದನ್ನು ಬಿಡಬೇಡಿ. ಕುಂಚ ಎಷ್ಟೇ ಪಳಗಿದ್ದರೂ ಕೊಡಲಾರದ ಚೂಪು ಚಾಕುವಿನಿಂದ ಬರುತ್ತದೆ. ಉದುರಿದ ಪುಡಿಯನ್ನು ಒರೆಸಬೇಡಿ, ಬಿಳಿಗೆ ಮಸಿ ಹತ್ತುತ್ತದೆ. ಬೋಗುಣಿಯನ್ನು ಓರೆಮಾಡಿ ಊದಿ ತೆಗೆಯಿರಿ.

ಸಾಲು ಎಲ್ಲಿಂದ ಶುರು ಎಂದು ತಿಳಿಯಲು ಮೊದಲ ಮತ್ತು ಕೊನೆಯ ಪದಗಳ ನಡುವೆ ಒಂದು ಪುಟ್ಟ ಎಲೆ ಹಾಕಿ. ಇಷ್ಟಾದ ಮೇಲೆ ನಡುವಿನ ಬಿಳಿಯನ್ನು ನೋಡಿದರೆ ಹೂವೋ ಹಕ್ಕಿಯೋ ಬರೆಯಬೇಕು ಅನ್ನಿಸುತ್ತದೆ. ಬೇಡ. ಆ ಖಾಲಿ ಬಿಳಿಯಿಂದಲೇ ಅಕ್ಷರಕ್ಕೆ ತೂಕ ಬರುವುದು.

ಒಣಗಿಸಿ ಸುಡುವುದು

ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಂದು ವಾರ ಒಣಗಿಸಿ. ಮಲೆನಾಡಿನ ಮಳೆಗಾಲದಲ್ಲಿ ಎರಡು ವಾರವಾದೀತು. ಕೆನ್ನೆಗೆ ಒತ್ತಿದಾಗ ತಣ್ಣಗಿದ್ದರೆ ಒಳಗೆ ನೀರಿದೆ ಎಂದರ್ಥ.

ಮೊದಲ ಸುಡುವಿಕೆ: 110 ಡಿಗ್ರಿ ಸೆಲ್ಸಿಯಸ್‌ವರೆಗೆ ಗಂಟೆಗೆ 40ರಂತೆ, ಅಲ್ಲಿ ಎರಡು ಗಂಟೆ ತಡೆ. ಅಲ್ಲಿಂದ 600ರವರೆಗೆ ಗಂಟೆಗೆ 90. ಸುಮಾರು 573ರಲ್ಲಿ ಬೆಣಚುಕಲ್ಲು ಥಟ್ಟನೆ ಹಿಗ್ಗುತ್ತದೆ, ಅವಸರ ಮಾಡಿದರೆ ಬಿರುಕು. ಅನಂತರ ಗಂಟೆಗೆ 120ರಂತೆ 1000ಕ್ಕೆ. 700ರಿಂದ 900ರ ನಡುವೆ ಆವಿಗೆಯ ಕಿಂಡಿ ತೆರೆದಿಡಿ. ಮಣ್ಣಿನೊಳಗಿನ ಬೇರು, ಕಸ ಪೂರ್ತಿ ಸುಟ್ಟು ಹೋಗದಿದ್ದರೆ ಮುಂದೆ ಮೆರುಗಿನಲ್ಲಿ ಸೂಜಿತೂತುಗಳಾಗುತ್ತವೆ.

ಮೆರುಗಿಗೆ ಮೊದಲು ಒದ್ದೆ ಸ್ಪಂಜಿನಿಂದ ದೂಳು ಒರೆಸಿ. ಮೆರುಗನ್ನು 80 ಮೆಶ್‌ನಲ್ಲಿ ಸೋಸಿ, 100 ಮಿ.ಲೀ.ಗೆ 145 ಗ್ರಾಂ ತೂಗುವಂತೆ ಮಾಡಿ, ಒಳಗೆ ಸುರಿದು ಮೂರು ಸೆಕೆಂಡಿನಲ್ಲಿ ಹೊರಚೆಲ್ಲಿ. ಒಣಗಿದ ಮೇಲೆ ಅರ್ಧದಿಂದ ಮುಕ್ಕಾಲು ಮಿ.ಮೀ. ಸಾಕು. ಬೋರಾನ್ ಮೆರುಗು ದಪ್ಪವಾದರೆ ಹಾಲುಬಣ್ಣಕ್ಕೆ ತಿರುಗಿ ಅಕ್ಷರವನ್ನು ಮುಚ್ಚುತ್ತದೆ. ಪಾದವನ್ನು ಚೊಕ್ಕವಾಗಿ ಒರೆಸಿ.

ಎರಡನೆಯ ಸುಡುವಿಕೆ: ಗಂಟೆಗೆ 150ರಂತೆ 1050ಕ್ಕೆ ಏರಿಸಿ, 15 ನಿಮಿಷ ತಡೆದು ನಿಲ್ಲಿಸಿ. ಆವಿಗೆ 100ಕ್ಕಿಂತ ಕೆಳಗೆ ಇಳಿಯುವವರೆಗೆ ಬಾಗಿಲು ತೆರೆಯಬೇಡಿ. ನಿಶಾಪುರದವರು ಪಾತ್ರೆಗಳನ್ನು ಒಂದರೊಳಗೊಂದು ಪೇರಿಸಿ, ನಡುವೆ ಮೂರು ಕಾಲಿನ ಪುಟ್ಟ ಮಣ್ಣಿನ ಆಸರೆಗಳನ್ನಿಟ್ಟು ಸುಡುತ್ತಿದ್ದರು. ಹಳೆಯ ಬೋಗುಣಿಗಳ ಒಳಗೆ ಕಾಣುವ ಮೂರು ಸಣ್ಣ ಕಲೆಗಳು ಆ ಆಸರೆಯ ಕಾಲುಗಳ ಗುರುತು. ಒಂದೇ ಬೋಗುಣಿಯಾದರೆ ನೇರ ಹಲಗೆಯ ಮೇಲೆ ಇಡಿ.

ಕೆಟ್ಟರೆ ಏಕೆ ಕೆಟ್ಟಿತು

ಮೆರುಗಿನಲ್ಲಿ ಜೇಡರಬಲೆಯಂಥ ಬಿರುಕು: ತಣಿಯುವಾಗ ಮೆರುಗು ಒಡಲಿಗಿಂತ ಹೆಚ್ಚು ಕುಗ್ಗಿದೆ. ಮೆರುಗಿಗೆ ನೂರಕ್ಕೆ 5ರಷ್ಟು ಬೆಣಚುಕಲ್ಲಿನ ಪುಡಿ ಸೇರಿಸಿ, ಅಥವಾ ಮೊದಲ ಸುಡುವಿಕೆಯನ್ನು 1040ಕ್ಕೆ ಏರಿಸಿ.

ಅಂಚಿನಲ್ಲಿ ಲೇಪ, ಮೆರುಗು ಎರಡೂ ಚೂರಾಗಿ ಎದ್ದರೆ ಕಾರಣ ಇದಕ್ಕೆ ತದ್ವಿರುದ್ಧ: ಒಡಲು ಹೆಚ್ಚು ಕುಗ್ಗಿದೆ. ಬಿಳಿ ಲೇಪದ ಫ್ರಿಟ್ಟನ್ನು 200 ಗ್ರಾಂಗೆ ಏರಿಸಿ, ಬಾಲ್ ಕ್ಲೇಯನ್ನು 350 ಗ್ರಾಂಗೆ ಇಳಿಸಿ. ಈ ಚೂರುಗಳು ಗಾಜಿನಷ್ಟು ಹರಿತ, ಅಂಥ ಪಾತ್ರೆಯಲ್ಲಿ ಊಟ ಬೇಡವೇ ಬೇಡ.

ಅಕ್ಷರದ ಮೇಲೆ ಮಾತ್ರ ಮೆರುಗು ಹಿಂದೆ ಸರಿದು ಒರಟು ಕಪ್ಪು ಉಳಿದರೆ, ಕಪ್ಪು ತೀರ ದಪ್ಪವಾಗಿದೆ ಅಥವಾ ಕೈಯೆಣ್ಣೆ ತಾಗಿದೆ. ಕಪ್ಪಿನ ಫ್ರಿಟ್ಟನ್ನು 15 ಗ್ರಾಂ ಮಾಡಿ ನೋಡಿ.

ಅಂಚು ಮಸುಕಾಗಿ ಹರಡಿದರೆ ಶಾಖ ಹೆಚ್ಚಾಗಿದೆ, ಇಲ್ಲವೇ ಕಪ್ಪಿನಲ್ಲಿ ಮಣ್ಣು ಸಾಲದು. ಸ್ಟೇನ್ ಹೆಚ್ಚಿಸಿದರೆ ಕಪ್ಪು ಗಾಢವಾಗುತ್ತದೆಂದು 40 ಗ್ರಾಂ ಹಾಕುವವರಿದ್ದಾರೆ. ಹಿಡಿಯಲು ಮಣ್ಣಿಲ್ಲದೆ ಅದು ಹರಿಯುತ್ತದೆ.

ಬಲ್ಲವರ ಕೈಯ ಅಕ್ಷರ ಮೆರುಗಿನಡಿ ಹೇಗೆ ನಿಲ್ಲುತ್ತದೆಂದು ಹತ್ತಿರದಲ್ಲೇ ನೋಡಬೇಕಿದ್ದರೆ ಬೀದರಿಗೆ ಹೋಗಿ. ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯ ಮೇಲೆ ಮೆರುಗಿನ ಹಂಚುಗಳಲ್ಲಿ ಅರಬ್ಬಿ ಬರಹ ಇನ್ನೂ ಉಳಿದಿದೆ. ಅದು ಕೂಫಿಯಲ್ಲ, ಬಾಗುಗಳುಳ್ಳ ತುಲುತ್ ಶೈಲಿ, ಹಂಚಿನ ಕೆಲಸದ ವಿಧಾನವೂ ಬೇರೆ. ಆದರೂ ಅಕ್ಷರಗಳ ನಡುವಿನ ಜಾಗವನ್ನು ಹೇಗೆ ಹಂಚಿದ್ದಾರೆ ಎಂಬುದನ್ನು ಅಲ್ಲಿ ನಿಂತು ಗಮನಿಸಿದರೆ ಕಾಗದದ ವೃತ್ತದ ಮೇಲಿನ ಎಷ್ಟೋ ತೊಡಕು ಬಿಡಿಸಿಕೊಳ್ಳುತ್ತದೆ.

ಬಳಕೆಗೆ ಮೊದಲು ಒಳಮೈ ಮೇಲೆ ನಿಂಬೆಹೋಳು ಮಗುಚಿಟ್ಟು 24 ಗಂಟೆ ಬಿಡಿ. ತೊಳೆದಾಗ ಅಲ್ಲಿ ಹೊಳಪು ಕುಂದಿದ್ದರೆ ಅಥವಾ ಬಣ್ಣ ಬದಲಾಗಿದ್ದರೆ ಆ ಬೋಗುಣಿಗೆ ಸಾರು, ಮೊಸರು ಹಾಕಬೇಡಿ. ಕಲೆಯಾಗದಿದ್ದರೂ ನಿತ್ಯದ ಊಟಕ್ಕೆ ಬಳಸುವ ಮುಂಚೆ ಅದೇ ಮೆರುಗಿನ ಒಂದು ಬಿಲ್ಲೆಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ.